ಪಟದಲ್ಲಿ ಬಿಳಿಯಾದ ನೀಲಿ

ಪೆನಾಂಗ್
೪ ಜನವರಿ ೧೯೩೦

ಅಕ್ಕ ಚಿನ್‌ಮೇಗೆ ತಮ್ಮ ಗೆನ್‌ಫು ಮಾಡುವ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ನಮ್ಮೂರು ಲೂಮುವಿನಲ್ಲಿ ನೀನೂ ಅವ್ವನೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯಲು ಕೂತೆ. ಈ ಕಾಗದವನ್ನು ಅವ್ವನಿಗೆ ನಿಧಾನವಾಗಿ ಓದಿ ಹೇಳು. ಓದುವಾಗ ನಿನಗೆ ಅವಸರ ಜಾಸ್ತಿ.

ನನಗೆ ಹೆಣ್ಣು ಗೊತ್ತಾಗುವ ಹಾಗಿದೆ. ನಮ್ಮ ಪೀಠೋಪಕರಣದ ಅಂಗಡಿಯ ಯಜಮಾನರಾದ ತಾಂಗ್ ಅವರ ಮಗಳು ಯೂಲಾನ್. ಅವರಿಗೆ ಇರುವವಳು ಇವಳೊಬ್ಬಳೇ. ಕುರ್ಚಿಯ ಬೆನ್ನಿಗೆ ಹೂಬಳ್ಳಿ ಕೆತ್ತುತ್ತಾ ನಾನು ಇಷ್ಟು ವರ್ಷ ಕಳೆದದ್ದನ್ನು ಅವರು ನೋಡಿದ್ದಾರೆ. ಕುಡಿಯುವುದಿಲ್ಲ, ಜೂಜಾಡುವುದಿಲ್ಲ ಎಂದು ಕಂಡವರ ಮುಂದೆಲ್ಲ ಹೇಳಿಕೊಳ್ಳುತ್ತಾರೆ. ಮದುವೆ ಇಲ್ಲೇ, ಜೂನ್‌ನಲ್ಲಿ, ದೋಣಿಹಬ್ಬದ ಹೊತ್ತಿಗೆ. ಶರತ್ಕಾಲದ ಹುಣ್ಣಿಮೆಗೆ ಮೊದಲು ಅವಳನ್ನು ಕರೆದುಕೊಂಡು ಬಂದು ಅವ್ವನ ಕೈಗೆ ಒಪ್ಪಿಸುತ್ತೇನೆ.

ಅಕ್ಕ, ನಿನ್ನ ವಿಷಯ ಮರೆತಿಲ್ಲ. ಗಂಡುಮಗ ಬದುಕಿರುವಾಗ ಮಗಳ ಮನೆಯ ಅನ್ನ ತಿನ್ನುವುದಿಲ್ಲ ಎಂದು ಅವ್ವ ಹಟ ಹಿಡಿದು ಕೂತಿದ್ದಾಳೆ. ಅವಳೊಬ್ಬಳನ್ನೇ ಬಿಟ್ಟು ಹೋಗಲು ನಿನಗೆ ಮನಸ್ಸಿಲ್ಲ. ಪಾಪ, ನಿನ್ನನ್ನು ಮದುವೆಯಾಗಲು ಕಾದು ಕೂತಿರುವ ಯೂಶಿಂಗ್ ನೂಲಿಗೆ ಬಣ್ಣ ಹಾಕುತ್ತಾ ಹಾಕುತ್ತಾ ತಾನೇ ಬಣ್ಣಗೆಟ್ಟಿರಬೇಕು. ಮನೆಗೆ ಸೊಸೆ ಬಂದ ದಿನವೇ ನಿನ್ನ ಬಿಡುಗಡೆ. ನಿನ್ನ ಮದುವೆಯಲ್ಲಿ ಹೊಟ್ಟೆ ಬಿರಿಯುವಷ್ಟು ತಿನ್ನುವುದು ಬಾಕಿ ಇದೆ ನನಗೆ.

ತಾಂಗ್ ಯಜಮಾನರದು ಒಂದೇ ಆಸೆ. ನಮ್ಮ ನಡುಮನೆಯನ್ನು ಹೊಸವರ್ಷದ ಅಲಂಕಾರದಲ್ಲಿ, ಅವ್ವ ಕುರ್ಚಿಯಲ್ಲಿ ಕೂತಿರುವ ಹಾಗೆ ಪಟ ತೆಗೆಸಿ ಕಳಿಸಬೇಕಂತೆ. ತಪ್ಪು ನನ್ನದೇ, ಜಂಬ ಕೊಚ್ಚಿದೆ. ಇಲ್ಲಿ ನಾವು ಮಾಡಿಕೊಡುವ ಅಷ್ಟು ಚೆಂದದ ಕುರ್ಚಿಯ ಮೇಲೆ ಜನ ಒಂದು ಹತ್ತಿಯ ತುಂಡು ಎಸೆದು ಕೂರುತ್ತಾರೆ. ನಮ್ಮವ್ವ ನೇಯ್ದ ರೇಷ್ಮೆ ಹೊದಿಕೆ ಕುರ್ಚಿಯ ಬೆನ್ನಿನ ಹಿಂದಿನಿಂದ ಬಂದು, ಕೂರುವ ಹಲಗೆ ದಾಟಿ, ಕಾಲಿನವರೆಗೂ ಇಳಿಯುತ್ತದೆ, ಕೆಂಪು ನೆಲದ ಮೇಲೆ ಕೊಕ್ಕರೆ ಹಾರುತ್ತದೆ, ಹಿಂದೆ ಮುಂದೆ ಎರಡೂ ಕಡೆ ಒಂದೇ ಅಂದ ಎಂದೆ. ಯಜಮಾನರ ಹೆಂಡತಿ, "ಕುರ್ಚಿ ಮಾರೋರಿಗೇ ಕುರ್ಚಿಬಟ್ಟೆ ಪಾಠ ಹೇಳ್ತೀಯಲ್ಲಪ್ಪ, ತೋರ್ಸು ನೋಡೋಣ" ಎಂದರು.

ಬೇಗ ಕಳಿಸು. ನನ್ನ ಮರ್ಯಾದೆ ಅವ್ವನ ಕೊಕ್ಕರೆಗಳ ಕೈಯಲ್ಲಿದೆ.

ಗೆನ್‌ಫು


ಲೂಮು
೬ ಫೆಬ್ರವರಿ ೧೯೩೦

ಪ್ರೀತಿಯ ಗೆನ್‌ಫು,

ಹೊಸವರ್ಷ ನಿನಗೆ ಒಳ್ಳೆಯದು ಮಾಡಲಿ. ಕಾಗದವನ್ನು ನಾನು ನಿಧಾನವಾಗಿಯೇ ಓದಿದೆ, ಅವಸರ ಮಾಡಿದವಳು ಅವ್ವ. "ಹೆಸರು ಗೊತ್ತಾಯ್ತು ಬಿಡು, ಉದ್ದಕಿದಾಳೋ ಕುಳ್ಳಿಯೋ ಅದನ್ನ ಬರ್ದಿದಾನಾ ನೋಡು" ಎಂದು ಪೀಡಿಸಿದಳು. ನೀನು ಬರೆದಿರಲಿಲ್ಲ. ಯಜಮಾನರ ಬಗ್ಗೆ ಅಷ್ಟೊಂದು ಬರೆದವನು ಹುಡುಗಿಯ ಬಗ್ಗೆ ಒಂದು ಸಾಲು ಬರೆಯಬಾರದಿತ್ತೇ?

ಅವ್ವನಿಗೆ ಸಂತೋಷವಾಗಿದೆ. ಜೊತೆಗೆ ಅನುಮಾನವೂ ಇದೆ. "ಇರೋಳೊಬ್ಬಳು ಮಗಳು. ಅವಳನ್ನ ಸಮುದ್ರ ದಾಟಿಸಿ ನಂಗೆ ಗಂಜಿ ಕಾಯ್ಸೋಕೆ ಕಳಿಸ್ತಾರಂತೆ. ಅಷ್ಟು ಒಳ್ಳೆ ಜನ ಎಲ್ಲಾದ್ರೂ ಇದಾರೇನೇ?" ಎಂದಳು. ಒಳ್ಳೆಯ ಮಾತು ನಿನ್ನ ಬಾಯಲ್ಲಿ ಬರುವುದೇ ಇಲ್ಲವಾ ಎಂದು ಗದರಿದೆ. ಹಾಗೆ ಹೇಳಿದವಳೇ ಅವತ್ತು ಎರಡು ಬಟ್ಟಲು ಗಂಜಿ ಜಾಸ್ತಿ ಕುಡಿದಳು.

ಹುಣ್ಣಿಮೆಗೆ ಮೊದಲು ಬರುತ್ತೇನೆ ಎಂದಿದ್ದೀಯ. ಆ ಮಾತು ತಪ್ಪಬೇಡ. ಹುಝೋದ ಬಣ್ಣದ ಕಾರ್ಖಾನೆಯವರು ಯೂಶಿಂಗ್‌ನನ್ನು ಮೇಸ್ತ್ರಿಯಾಗಿ ಕರೆದಿದ್ದಾರೆ. ಹುಣ್ಣಿಮೆ ಕಳೆದ ಕೂಡಲೇ ಅವನು ಅಲ್ಲಿರಬೇಕು. ಅವನ ತಾಯಿ ಮೊನ್ನೆ ಕಾಲುವೆ ಮೆಟ್ಟಿಲ ಮೇಲೆ, ಎಲ್ಲರ ಎದುರು, "ನನ್ನ ಮಗ ಇನ್ನೂ ಎಷ್ಟು ವರ್ಷ ಕಾಯ್ಬೇಕಮ್ಮ? ಈ ಸಲವೂ ಆಗ್ಲಿಲ್ಲ ಅಂದ್ರೆ ನಾನು ಬೇರೆ ಕಡೆ ನೋಡೋಳೇ" ಎಂದರು. ನನಗೆ ಇಪ್ಪತ್ತೊಂಬತ್ತಾಯಿತು ಗೆನ್‌ಫು. ಅವರು ಆ ಮಾತನ್ನು ಬಾಯಿ ಬಿಟ್ಟು ಬೇರೆ ಹೇಳಬೇಕಾಗಿರಲಿಲ್ಲ.

ಪಟ ತೆಗೆಸಿ ಆಯಿತು. ಹಬ್ಬದ ಐದನೆಯ ದಿನ ಸುಝೋ ಪಟ್ಟಣದಿಂದ ಪಟದವನು ಪೆಟ್ಟಿಗೆ ಹೊತ್ತುಕೊಂಡು ಬಂದ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನೋಡಿ, ಹೊರಗೆ ಬಂದು ಏನೋ ತೊಡಕು ಹೇಳಿದ. ಅದಕ್ಕೆ ನಾನೇ ಒಂದು ಉಪಾಯ ಹೂಡಿದೆ. ಏನೆಂದು ನೀನು ಬಂದಾಗ ಹೇಳುತ್ತೇನೆ, ಹೊಸವರ್ಷದ ಕಾಗದದಲ್ಲಿ ಬರೆಯುವ ಮಾತಲ್ಲ. ಉಸಿರು ಕೂಡ ಆಡಬೇಡಿ ಎಂದು ಅವನು ಅಂದದ್ದಕ್ಕೆ ಅವ್ವ ಮರಗಟ್ಟಿ ಕೂತಳು. ಪಟವನ್ನು ಅವನೇ ಪಟ್ಟಣದಿಂದ ನಿನ್ನ ವಿಳಾಸಕ್ಕೆ ಕಳಿಸುತ್ತಾನೆ. ನಾವಿನ್ನೂ ನೋಡಿಲ್ಲ. ಕೊಕ್ಕರೆಗಳು ಹೇಗೆ ಬಂದಿವೆ ಎಂದು ಬರಿ, ಅವ್ವ ದಿನಾ ಕೇಳುತ್ತಾಳೆ.

ನಿನ್ನ ಅಕ್ಕ


ಪೆನಾಂಗ್
೧೨ ಮಾರ್ಚ್ ೧೯೩೦

ಅಕ್ಕ,

ಯಾಕೆ ಮುಚ್ಚಿಟ್ಟೆ?

ನಿನ್ನೆ ಪಟ ಬಂತು. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಯಜಮಾನರೂ ಅವರ ಹೆಂಡತಿಯೂ ಚಹಾ ಕುಡಿಯುತ್ತಾ ಕೂತಿದ್ದರು. "ಬಂತಾ? ತಾ ಇಲ್ಲಿ, ನಿಮ್ಮವ್ವನ ಕೈಕೆಲಸ ನೋಡೇಬಿಡೋಣ" ಎಂದು ಯಜಮಾನರೇ ಲಕೋಟೆ ಒಡೆದರು. ನೋಡಿದವರೇ ಪಟವನ್ನು ಹೆಂಡತಿಯ ಕಡೆ ಸರಿಸಿದರು. ಅವರ ಹೆಂಡತಿ ಬಗ್ಗಿ ನೋಡಿ, ಬಟ್ಟಲು ಕೆಳಗಿಟ್ಟು, ಮುಖ ಆಚೆ ತಿರುಗಿಸಿಕೊಂಡರು. ಆಮೇಲೆ ಪಟ ನನ್ನ ಕೈಗೆ ಬಂತು.

ನಡುಮನೆಯೆಲ್ಲ ಸಾವಿನ ಮನೆಯ ಹಾಗೆ ಬೆಳ್ಳಗಿತ್ತು. ಕುರ್ಚಿಗಳ ಮೈ ಬಿಳುಪು, ಮೇಜಿನ ಮುಂದಿನ ಇಳಿಪರದೆ ಬಿಳುಪು. ಅದು ಹಬ್ಬದ ಕೆಂಪು ಹೊದಿಕೆಗಳ ಜೊತೆಯಲ್ಲ. ಕೆಂಪಿನಲ್ಲಿ ಕೊಕ್ಕರೆಯ ಸುತ್ತ ಹೂವಿರುತ್ತದೆ, ಇದರಲ್ಲಿ ಬರೀ ಕೊಕ್ಕರೆ ಮತ್ತು ಅಲೆ. ಅಪ್ಪ ತೀರಿಕೊಂಡಾಗ ಅವ್ವ ಅಳುತ್ತಾ ನೇಯ್ದ ನೀಲಿ ಜೊತೆ ಅದು. ಆಗ ನಾನು ಅವಳ ಮಗ್ಗದ ಕೆಳಗೇ ಕೂತಿರುತ್ತಿದ್ದೆ, ನನಗೆ ಗುರುತು ಸಿಗುವುದಿಲ್ಲವೇ? ಸಾವಾಗದ ಮನೆಯಲ್ಲಿ ಹೊಸವರ್ಷದ ದಿನ ಆ ನೀಲಿಯನ್ನು ಯಾರಾದರೂ ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಾರೆಯೇ? ನಡುವೆ ಅವ್ವ, ಎರಡೂ ಕೈ ಮಂಡಿಯ ಮೇಲೆ, ಮುಖ ನೆಟ್ಟಗೆ, ಹಿರಿಯರ ಪೂಜೆಗೆ ಬರೆಸುವ ಚಿತ್ರದಲ್ಲಿ ಕೂರಿಸುವ ಹಾಗೆ. "ಚಿತ್ರ ಬರೆಸಿ ಕುರ್ಚಿ ಮೇಲಿಟ್ಟು ಪಟ ತೆಗೆಸಿದಾರೆ ಕಣಪ್ಪ. ನಿಮ್ಮನೇಲಿ ಸಾವಾಗಿದೆ" ಎಂದು ಯಜಮಾನರು ಮೆಲ್ಲಗೆ ಹೇಳಿದರು.

ನಿನ್ನ ಕಾಗದ ತೆಗೆದು ಮತ್ತೆ ಓದಿದೆ. "ಹೊಸವರ್ಷದ ಕಾಗದದಲ್ಲಿ ಬರೆಯುವ ಮಾತಲ್ಲ." ಆಗ ಎಲ್ಲ ಅರ್ಥವಾಯಿತು. ನನ್ನ ಜೊತೆ ಮಲಗುವ ನಿಂಗ್‌ಬೋ ಊರಿನ ಬಡಗಿಗೆ ಅವನಪ್ಪ ಸತ್ತದ್ದು ಎರಡು ವರ್ಷದ ಮೇಲೆ ತಿಳಿಯಿತು. ಅಲ್ಲಿಯ ತನಕ ಮನೆಯಿಂದ ಬಂದ ಕಾಗದಗಳಲ್ಲೆಲ್ಲ ಅಪ್ಪ ಗಂಜಿ ಕುಡಿಯುತ್ತಲೇ ಇದ್ದ. ಊರಿನವರು ನಮಗೆ ಸಾವು ಬರೆಯುವುದಿಲ್ಲ. ದೂರದಲ್ಲಿರುವ ಹುಡುಗ ಕೆಲಸ ಬಿಟ್ಟು ಓಡಿ ಬಂದಾನು, ಗೊತ್ತಾದ ಮದುವೆ ನಿಂತುಹೋದೀತು ಎಂದು ಹೆದರುತ್ತಾರೆ. ನೀನೂ ಹಾಗೇ ಹೆದರಿದೆ.

ನಾನು ಸೂತಕದ ಸೆಣಬಿನ ಬಟ್ಟೆ ಉಟ್ಟಿದ್ದೇನೆ. ನಮ್ಮ ಕಡೆಯವರ ಸಂಘದ ಮನೆಯಲ್ಲಿ ಅವ್ವನ ಹೆಸರಿಟ್ಟು ಊದುಕಡ್ಡಿ ಹಚ್ಚಿದೆ. ಅವಳು ಹೋದ ದಿನ ಯಾವುದೆಂದು ಬರಿ. ತಾಯಿ ಸತ್ತರೆ ನೂರು ದಿನದೊಳಗೆ ಮದುವೆಯಾಗಬೇಕು, ಇಲ್ಲದಿದ್ದರೆ ಮೂರು ವರ್ಷ ಸುಮ್ಮನಿರಬೇಕು ಎಂದು ಯಜಮಾನರು ನೆನಪಿಸಿದರು. ಅವರು ಏನು ಹೇಳಿದರೂ ತಲೆಯಾಡಿಸುತ್ತಿದ್ದೇನೆ. ನನಗೆ ಬುದ್ಧಿ ಓಡುತ್ತಿಲ್ಲ.

ಇನ್ನು ನಾನು ಅಲ್ಲಿಗೆ ಬರುವುದು ಯಾರಿಗೋಸ್ಕರ? ಅಲ್ಲಿ ನನ್ನವರು ಎನ್ನುವವರು ಯಾರೂ ಉಳಿಯಲಿಲ್ಲ. ಮನೆ ಮಗ್ಗ ಮಾರಿಬಿಡು. ನಿನಗಾದರೂ ಬಿಡುಗಡೆಯಾಯಿತಲ್ಲ, ಯೂಶಿಂಗ್ ಜೊತೆ ಹುಝೋಗೆ ಹೋಗು. ಇದರಲ್ಲಿ ಒಳ್ಳೆಯದು ಅಂತಿದ್ದರೆ ಅದೊಂದೇ.

ಗೆನ್‌ಫು


ಪೆನಾಂಗ್
೩೦ ಮಾರ್ಚ್ ೧೯೩೦

ಅಕ್ಕನಿಗೆ,

ಮದುವೆ ಆಯಿತು. ವಾದ್ಯವಿಲ್ಲ, ಕೆಂಪು ಕಡಿಮೆ. ನೂರು ದಿನದ ಲೆಕ್ಕಕ್ಕೆ ಹೆದರಿ ಯಜಮಾನರು ಅವಸರ ಮಾಡಿದರು.

ಇನ್ನೊಂದು ಮಾತು ನೀನು ನನ್ನ ಬಾಯಿಂದಲೇ ತಿಳಿಯಬೇಕು. ನಾನು ಈ ಮನೆಗೆ ಮನೆಅಳಿಯನಾಗಿ ಬಂದಿದ್ದೇನೆ. ಅವರ ಹಿರಿಯರ ಮುಂದೆ ತಲೆಬಾಗಿ ತಾಂಗ್ ಎಂಬ ಮನೆತನದ ಹೆಸರನ್ನು ತೆಗೆದುಕೊಂಡೆ. ಹುಟ್ಟುವ ಮಕ್ಕಳೂ ತಾಂಗ್ ಆಗಿಯೇ ಬೆಳೆಯುತ್ತಾರೆ. ಅವರಿಗೆ ಗಂಡುಸಂತಾನವಿಲ್ಲ. ತಂದೆತಾಯಿ ಇಬ್ಬರೂ ಇಲ್ಲದ ಮೇಲೆ ನಿನ್ನನ್ನು ಕೇಳೋರು ಯಾರು ಎಂದು ಸಂಘದ ಹಿರಿಯರೂ ಹೇಳಿದರು. ಅವರೇ ಸಾಕ್ಷಿ ನಿಂತರು. ನಮ್ಮ ಫಾನ್ ಮನೆತನದ ಹೆಸರು ಅಪ್ಪನ ಜೊತೆಗೇ ಮುಗಿಯಿತು ಎಂದುಕೋ. ಅವ್ವನಿದ್ದಿದ್ದರೆ ಈ ಮಾತಿಗೆ ನನ್ನ ಕೆನ್ನೆಗೆ ಬಾರಿಸುತ್ತಿದ್ದಳು. ಈಗ ಬಾರಿಸುವವರೂ ಇಲ್ಲ.

ಯೂಲಾನ್ ಒಳ್ಳೆಯವಳು. ಕುಳ್ಳಿಯಲ್ಲ. ಮದುವೆಯ ಮಾರನೆಯ ದಿನ ಅವ್ವನ ಪಟವನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದಳು. "ನಿಮ್ಮವ್ವನ ಕಣ್ಣು ನೋಡ್ರಿ, ಜೀವ ಇರೋ ಹಾಗಿದೆ, ಬರೆದಿದ್ದು ಅನ್ಸಲ್ಲ" ಎಂದಳು. ಅವಳಮ್ಮ ಅಂಥ ಮಾತಾಡಬೇಡ ಎಂದು ಗದರಿದರು. ಹೆಣ್ಣುಮಕ್ಕಳಿಗೆ ಏನೇನೋ ಅನಿಸುತ್ತದೆ.

ನಿನ್ನ ಮದುವೆ ಯಾವಾಗ?

ಗೆನ್‌ಫು


ಲೂಮು
೫ ಏಪ್ರಿಲ್ ೧೯೩೦

ಗೆನ್‌ಫು,

ಅವ್ವ ಸತ್ತಿಲ್ಲ. ಬದುಕಿದ್ದಾಳೆ. ಇದೇ ಮನೆಯಲ್ಲಿ, ನನ್ನ ಎದುರಿಗೆ, ಈಗ ತಾನೇ ಹಸಿರು ಅಕ್ಕಿಯುಂಡೆ ತಿಂದು ಕೈ ತೊಳೆದಳು. ಈ ಕಾಗದಕ್ಕೆ ಮೊದಲು ನನ್ನ ತಂತಿ ನಿನಗೆ ಸೇರಿರುತ್ತದೆ. ಬೆಳಗಿನ ದೋಣಿಯಲ್ಲಿ ಸುಝೋಗೆ ಹೋಗಿ ಕೊಟ್ಟು ಬಂದೆ. ನಾನು ಎರಡು ಸಲ ವಿಳಾಸ ತಪ್ಪು ಬರೆದದ್ದನ್ನು ನೋಡಿ ತಂತಿ ಮನೆಯವನು, "ಯಾರು ಹೋಗ್ಬಿಟ್ರಮ್ಮ?" ಎಂದು ಕೇಳಿದ. ಯಾರೂ ಹೋಗಿಲ್ಲ ಎಂದು ತಿಳಿಸಲು ತಂತಿ ಕೊಡುವವಳನ್ನು ಅವನು ಇನ್ನೆಲ್ಲೂ ನೋಡಿರಲಾರ.

ಹನ್ನೆರಡನೆಯ ತಾರೀಕಿನ ನಿನ್ನ ಕಾಗದ ನಿನ್ನೆ ಬಂತು. ಅವ್ವ ಮಗ್ಗದ ಮೇಲಿದ್ದಳು. ಯಾವತ್ತಿನ ಹಾಗೆ ಕಿಟಕಿಯ ಹತ್ತಿರ ನಿಂತು, ಮುಂದೆ ಏನಿದೆ ಎಂದು ನೋಡದೆ, ಗಟ್ಟಿಯಾಗಿ ಓದುತ್ತಾ ಹೋದೆ. ಯಾಕೆ ಮುಚ್ಚಿಟ್ಟೆ ಎಂಬ ಸಾಲಿಗೆ ಅವ್ವ, "ಏನೇ ಮುಚ್ಚಿಟ್ಟಿದೀಯ ಅವನಿಗೆ?" ಎಂದು ನಕ್ಕಳು. ನಿಮ್ಮ ಮನೆಯಲ್ಲಿ ಸಾವಾಗಿದೆ ಎಂಬಲ್ಲಿಗೆ ಬಂದಾಗ ಲಾಳಿ ನಿಂತಿತು.

"ಯಾರು ಸತ್ತಿದ್ದು?"

"ನೀನೇ ಅವ್ವ."

ಅವಳು ಲಾಳಿ ಕೆಳಗಿಟ್ಟಳು. ತನ್ನ ಎರಡೂ ಕೈ ಎತ್ತಿ ನೋಡಿಕೊಂಡಳು. ಆಮೇಲೆ, "ಓದು. ಎಷ್ಟು ಅತ್ತಿದಾನೆ ಕೇಳೋಣ" ಎಂದಳು. ಓದಿದೆ. ನನ್ನವರು ಯಾರೂ ಉಳಿಯಲಿಲ್ಲ ಎಂಬ ಸಾಲನ್ನು ನುಂಗಿ ಮುಂದಕ್ಕೆ ಹೋದೆ. ಅವಳು ಬಿಡುತ್ತಾಳೆಯೇ? "ಅಲ್ಲೇನೋ ಹಾರಿಸ್ದೆ, ಓದೇ" ಎಂದಳು. ಓದಿದೆ. ಅವಳು ನನ್ನ ಕಡೆ ತಿರುಗಿ, "ನೀನು ಇದೀಯಲ್ಲೇ ಇಲ್ಲಿ" ಎಂದಳು. ನನಗೆ ಅಳು ಬಂದದ್ದು ಆಗಲೇ.

ಈಗ ಕೇಳು ಆ ಉಪಾಯದ ಕಥೆ. ಕೆಂಪು ಹೊದಿಕೆಗಳನ್ನೇ ಹಾಕಿದ್ದೆವು. ಪಟದವನು ನೋಡಿ, "ಕೆಂಪು ನನ್ನ ಪೆಟ್ಟಿಗೇಲಿ ಮಸಿ ಥರ ಬರುತ್ತಮ್ಮ, ಕೊಕ್ಕರೆ ಒಂದೂ ಕಾಣಲ್ಲ. ನೀಲಿ ಇದ್ರೆ ತಿಳಿಯಾಗಿ ಬರುತ್ತೆ" ಎಂದ. ಅವ್ವ, "ಕೆಂಪು ಕಪ್ಪಾಗೋ ಪೆಟ್ಟಿಗೆ ಹೊತ್ಕೊಂಡು ಮನೆ ಮನೆ ತಿರುಗ್ತೀಯಲ್ಲಪ್ಪ, ಜನ ಬಯ್ಯಲ್ವಾ?" ಎಂದಳು. ಪಟದಲ್ಲಿ ಬಣ್ಣವೇ ಇರುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ಅಪ್ಪನ ಸೂತಕದ ನೀಲಿ ಜೊತೆ ತೆಗೆದವಳು ನಾನು. ಪಕ್ಕದ ಮನೆ ಅತ್ತೆ ಅದನ್ನು ಕಂಡು ಹೊಸ್ತಿಲಿನಿಂದಲೇ ಓಡಿಹೋದರು. ಅವ್ವ ಒಪ್ಪಿದಳು, ಅವಳಿಗೆ ಕೊಕ್ಕರೆ ಕಾಣಿಸಬೇಕಿತ್ತು ಅಷ್ಟೇ. ಪಟ ತೆಗೆದು ಮುಗಿದದ್ದೇ ಕೆಂಪು ಹಾಕಿಬಿಟ್ಟೆವು. ಹಬ್ಬದ ಕಾಗದದಲ್ಲಿ ಸೂತಕದ ಬಟ್ಟೆಯ ಸುದ್ದಿ ಬರೆಯಬಾರದೆಂದು ಸುಮ್ಮನಾದೆ. ಪಟದಲ್ಲಿ ಅದು ಬಿಳಿಯಾಗುತ್ತದೆಂದು ನನಗೇನು ಗೊತ್ತು?

ಆದರೆ ನನ್ನ ಕಾಗದದಲ್ಲಿ ಅವ್ವ ಗಂಜಿ ಕುಡಿದಿದ್ದಳು, ನಿನ್ನ ಯಜಮಾನರನ್ನು ಆಡಿಕೊಂಡಿದ್ದಳು. ಅಕ್ಕನ ಮಾತನ್ನು ಬಿಟ್ಟು ಬಟ್ಟೆಯ ಮಾತು ನಂಬಿದೆಯಲ್ಲ ಗೆನ್‌ಫು.

ಸೆಣಬು ಕಿತ್ತೆಸೆ. ಅವ್ವ ಹೇಳುತ್ತಿದ್ದಾಳೆ, ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ: "ಅಯ್ಯೋ ಪೆದ್ದ, ನಿನ್ನ ಕಣ್ಣು ಹಾಳಾಗ. ಚಿಕ್ಕವನಿದ್ದಾಗ ಬೆಕ್ಕು ಮಲಗಿದ್ರೂ ಸತ್ತೋಯ್ತು ಅಂತ ಅಳ್ತಿದ್ದೆ, ಇನ್ನೂ ಬಿಟ್ಟಿಲ್ವಾ? ಹುಡುಗೀನ ಕರ್ಕೊಂಡು ಹುಣ್ಣಿಮೆಗೆ ಬಾ."

ಬೇಗ ಬಾ. ಯೂಶಿಂಗ್‌ನ ತಾಯಿ ಬೇರೆ ಹುಡುಗಿಯನ್ನು ನೋಡಿಕೊಂಡು ಬಂದಿದ್ದಾರೆ.

ಚಿನ್‌ಮೇ


ಲೂಮು
೨೪ ಏಪ್ರಿಲ್ ೧೯೩೦

ಗೆನ್‌ಫು,

ತಂತಿಗೆ ನಿನ್ನಿಂದ ಒಂದು ಅಕ್ಷರ ಉತ್ತರ ಬರಲಿಲ್ಲ. ಬಂದದ್ದು ನಿನ್ನ ಮಾರ್ಚ್ ಮೂವತ್ತರ ಕಾಗದ.

ಈ ಸಲ ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಅವ್ವ ಅಕ್ಕಿ ಆರಿಸುತ್ತಾ, "ಏನಂತೆ?" ಎಂದಳು. ಅಲ್ಲಿ ಸೆಕೆ ಜಾಸ್ತಿಯಂತೆ, ಅಷ್ಟೇ ಎಂದೆ. "ಅಷ್ಟೊಂದು ಬರವಣಿಗೆ ಬರೀ ಸೆಕೆ ಬಗ್ಗೇನಾ?" ಎಂದಳು. ಹೌದು ಎಂದೆ. ಅವ್ವನಿಗೆ ನಾನು ಸುಳ್ಳು ಹೇಳುವವಳಲ್ಲ. ನಿನಗಾಗಿ ಅದನ್ನೂ ಮಾಡಿದೆ.

ಕಾಗದ ಓದಿದಾಗಿನಿಂದ ಗರ ಬಡಿದವಳ ಹಾಗಾಗಿದ್ದೇನೆ. ಒಲೆಯ ಮುಂದೆ ಕೂತು ಬೆಂಕಿ ಹಚ್ಚುವುದು ಮರೆಯುತ್ತೇನೆ. ಒಬ್ಬನೇ ಮಗ, ತಾಯಿ ಬದುಕಿರುವಾಗ, ಬೇರೆಯವರ ಹೆಸರು ಹೊತ್ತುಕೊಂಡ. ಇದನ್ನು ಯಾರ ಹತ್ತಿರ ಹೇಳಲಿ? ಸೊಸೆ ಬರುವುದಿಲ್ಲ. ನೀನು ಬರುವುದಿಲ್ಲ. ನನ್ನ ಬಿಡುಗಡೆಯೆಂದು ಎಷ್ಟು ಸಲೀಸಾಗಿ ಬರೆದೆ.

ಕೆಲವು ಮಾತು ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ಸೆಣಬು ಉಡಲು, ಊದುಕಡ್ಡಿ ಹಚ್ಚಲು, ಸಂಘದ ಹಿರಿಯರನ್ನು ಸೇರಿಸಲು, ಮದುವೆ ಮಾಡಿಕೊಳ್ಳಲು ನಿನಗೆ ಪುರುಸೊತ್ತಿತ್ತು. ನನಗೊಂದು ತಂತಿ ಕೊಟ್ಟು ಅವ್ವ ಇದ್ದಾಳಾ ಎಂದು ಯಾಕೆ ಕೇಳಲಿಲ್ಲ? ನಿನ್ನ ಹೆಂಡತಿ ಆ ಪಟದಲ್ಲಿ ಜೀವ ಕಂಡಳು. ಹೆತ್ತ ಮಗನಿಗೆ ಕಾಣಲಿಲ್ಲವೇ? ಒಬ್ಬಳೇ ಮಗಳಿರುವ ಯಜಮಾನರು ನಿನ್ನನ್ನು ಮನೆಅಳಿಯನಾಗು ಎಂದು ಪಟ ಬಂದ ಮೇಲೆ ಕೇಳಿದರೋ, ಅದಕ್ಕೆ ಮೊದಲೇ ಕೇಳಿದ್ದರೋ?

ಈ ಗಂಟನ್ನು ಬಿಚ್ಚಲು ಬರುತ್ತದೆಯಾ ಹೇಳು. ಬರುವುದಾದರೆ ಅವ್ವನಿಗೆ ತಿಳಿಯುವುದರೊಳಗೆ ಬಿಚ್ಚು.

ಚಿನ್‌ಮೇ


ಪೆನಾಂಗ್
೧೭ ಮೇ ೧೯೩೦

ಪೂಜ್ಯ ಅಕ್ಕನವರಿಗೆ,

ನಿಮ್ಮ ತಂತಿ, ಎರಡು ಕಾಗದ ಎಲ್ಲವೂ ಸೇರಿವೆ.

ತಂತಿ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಓದಿ ಅಂಗಿಯೊಳಗೆ ಇಟ್ಟುಕೊಂಡೆ. ನಿಜವಿರಲಾರದು ಎಂದುಕೊಂಡೆ. ಸಾವು ಮುಚ್ಚಿಡುವ ಮನೆಯವರು ಕಳಿಸುವುದೂ ಇದೇ ನಾಲ್ಕು ಮಾತನ್ನು. ಆದರೆ ಕಾಗದದಲ್ಲಿ ಆ ಬೆಕ್ಕಿನ ಬೈಗುಳ ಓದಿದೆ. ಅವ್ವನ ಬಾಯಲ್ಲದೆ ಬೇರೆ ಯಾರ ಬಾಯಲ್ಲೂ ಅದು ಬರುವಂಥದಲ್ಲ. ಮರದ ಹೊಟ್ಟಿನ ರಾಶಿಯ ಮೇಲೆ ಹಾಗೇ ಕೂತುಬಿಟ್ಟೆ. ಅವಳಿದ್ದಾಳೆ ಎಂಬ ಸಂತೋಷ ಮೊದಲು ಬರಬೇಕಿತ್ತು ಅಕ್ಕ. ಮೊದಲು ಬಂದದ್ದು ಹೆದರಿಕೆ. ನನಗೇ ನನ್ನ ಬಗ್ಗೆ ದಿಗ್ಭ್ರಮೆಯಾಯಿತು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಯಜಮಾನರು ಮೊದಲೇ ಕೇಳಿದ್ದರು. ತಾಯಿ ಇರುವವರೆಗೆ ಆ ಮಾತು ಬೇಡ ಎಂದಿದ್ದೆ. ಸರಿ, ಪಟ ತರಿಸು ನೋಡೋಣ ಎಂದಿದ್ದರು.

ಗಂಟು ಬಿಚ್ಚಲು ಬರುವುದಿಲ್ಲ. ತಾಯಿ ಬದುಕಿರುವ ಒಬ್ಬನೇ ಮಗನನ್ನು ಮನೆಅಳಿಯ ಮಾಡಿಕೊಂಡರು ಎಂದು ಗೊತ್ತಾದರೆ ಸಂಘದಲ್ಲಿ ಯಜಮಾನರು ತಲೆಯೆತ್ತಿ ನಡೆಯುವಂತಿಲ್ಲ. ಸಾಕ್ಷಿ ನಿಂತ ಹಿರಿಯರು ನನ್ನನ್ನು ಉಳಿಸುವುದಿಲ್ಲ. ಯೂಲಾನ್‌ಗೆ ಈಗ ಬೆಳಗಾದರೆ ವಾಂತಿ. ಅವಳ ಗತಿ ಏನಾಗಬೇಕು?

ಅದಕ್ಕೇ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ. ಇಲ್ಲಿಯವರ ಮಟ್ಟಿಗೆ ಅವ್ವ ತೀರಿಕೊಂಡವಳಾಗಿಯೇ ಇರಲಿ. ಅಂಗಡಿಯ ವಿಳಾಸಕ್ಕೆ ಕಾಗದ ಹಾಕಬೇಡಿ, ಆ ನಿಂಗ್‌ಬೋ ಬಡಗಿಯ ಹೆಸರಿಗೆ ಹಾಕಿ. ಅವ್ವನಿಗೆ ಈ ಸಂಗತಿಯನ್ನು ತಿಳಿಸಬೇಡಿ. ಸೊಸೆಗೆ ಸಮುದ್ರ ಆಗಿಬರುವುದಿಲ್ಲ, ಮುಂದಿನ ವರ್ಷ ಬರುತ್ತಾಳೆ ಎನ್ನಿ. ಮುಂದಿನ ವರ್ಷ ಬೇರೇನಾದರೂ ಹೇಳೋಣ. ಅವಳ ಯೋಗಕ್ಷೇಮವನ್ನು ಆಗಾಗ ಬರೆಯುತ್ತಿರಿ, ಅದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ.

ತಾಂಗ್ ಗೆನ್‌ಫು


ಲೂಮು
೧೨ ಜೂನ್ ೧೯೩೦

ಗೆನ್‌ಫು,

ನಿನ್ನ ಕಾಗದದ ಕೆಳಗೆ ತಾಂಗ್ ಎಂದು ಬರೆದಿದ್ದೀಯ. ನನಗೆ ಅಕ್ಕನವರು, ನೀವು ಎಂದು ಬರೆದಿದ್ದೀಯ. ಪರವಾಗಿಲ್ಲ, ನಾನು ನಿನ್ನನ್ನು ನೀನು ಎಂದೇ ಬರೆಯುತ್ತೇನೆ.

ಇದನ್ನೂ ಅವ್ವನಿಗೆ ಓದಬಾರದೆಂದೇ ಇದ್ದೆ. ಸೆಕೆಯ ಕಥೆ ಎರಡನೆಯ ಸಲ ನಡೆಯಲಿಲ್ಲ. ಅವ್ವ ನನ್ನ ಕೈಯಿಂದ ಕಾಗದ ಕಸಿದುಕೊಂಡು, ನನ್ನ ಹಾಸಿಗೆಯಡಿ ಇದ್ದ ಮಾರ್ಚ್‌ನ ಕಾಗದವನ್ನೂ ಎಳೆದುಕೊಂಡು, ಅಂಗಳಕ್ಕೆ ಹೋಗಿ ಯೂಶಿಂಗ್‌ಗೆ ಹೇಳಿ ಕಳಿಸಿದಳು. ಅವನು ಕೈಗೆ ಮೆತ್ತಿದ್ದ ಬಣ್ಣವನ್ನೂ ತೊಳೆಯದೆ ಬಂದ. "ಓದು. ಒಂದಕ್ಷರ ನುಂಗಿದ್ರೆ ನಿಂಗೆ ನನ್ನ ಮಗಳಿಲ್ಲ" ಎಂದಳು. ಅವನು ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓದಿದ.

ತೀರಿಕೊಂಡವಳಾಗಿಯೇ ಇರಲಿ ಎಂಬ ಸಾಲನ್ನು ಅವ್ವ ಇನ್ನೊಮ್ಮೆ ಓದಿಸಿದಳು. ಪಟ ನೋಡಿ ನೀನು ತಪ್ಪು ತಿಳಿದಾಗ ಅವಳು ನಿನ್ನನ್ನು ಪೆದ್ದ ಎಂದಿದ್ದಳು, ಅದರಲ್ಲಿ ಪ್ರೀತಿಯಿತ್ತು. ಈ ಸಲ ಏನೂ ಅನ್ನಲಿಲ್ಲ. ಮುಖ ನೋಡಿದರೆ ಯಾರೋ ಹಿಂದಿನಿಂದ ಹೊಡೆದ ಹಾಗಿತ್ತು, ಹೊಡೆದವರು ಯಾರೆಂದು ತಿರುಗಿ ನೋಡುವ ಹಾಗೆ ಬಾಗಿಲ ಕಡೆಗೇ ನೋಡುತ್ತಿದ್ದಳು. ಅವತ್ತಿನಿಂದ ಮಗ್ಗ ಮುಟ್ಟಲಿಲ್ಲ. ಬಟ್ಟಲು ಮುಂದಿಟ್ಟರೆ ಉಣ್ಣುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ. ಈ ಆಘಾತದಲ್ಲಿ ನಿಜವಾಗಿಯೂ ಹೋಗಿಬಿಡುತ್ತಾಳೇನೋ ಎಂದು ನಾನು ಅವಳ ಪಕ್ಕದಿಂದ ಏಳಲಿಲ್ಲ.

ನಾನೂ ಒಂದು ತೀರ್ಮಾನಕ್ಕೆ ಬಂದಿದ್ದೆ. ಯೂಶಿಂಗ್‌ನನ್ನು ಕರೆದು, ನಿನ್ನ ತಾಯಿ ನೋಡಿದ ಹುಡುಗಿಯನ್ನು ಮದುವೆಯಾಗು, ನಾನು ಈ ಮನೆ ಬಿಟ್ಟು ಬರುವ ಹಾಗಿಲ್ಲ ಎಂದೆ. ಅವನು, "ನಿನ್ನ ತಮ್ಮ ಮಾಡಿದ್ದಕ್ಕೆ ನನಗ್ಯಾಕೆ ಶಿಕ್ಷೆ ಕೊಡ್ತೀಯ?" ಎಂದ. ನಾವಿಬ್ಬರೂ ಅಂಗಳದಲ್ಲಿ ಹೀಗೆ ಮಾತಾಡುತ್ತಿದ್ದಾಗ ಅವ್ವ ಒಳಗಿನಿಂದ ಎದ್ದು ಬಂದಳು. ಅಷ್ಟು ದಿನದ ಮೇಲೆ ಅವಳ ದನಿ ಕೇಳಿಸಿತು.

"ಯಪ್ಪಾ ಯೂಶಿಂಗ್, ಹುಝೋದಲ್ಲಿ ನಿಂಗೆ ಕೊಡೋ ಮನೇಲಿ ಒಂದು ಮಗ್ಗ ಹಿಡಿಯುತ್ತಾ?"

ಅವನಿಗೆ ಅರ್ಥವಾಗಲಿಲ್ಲ. ನನಗೆ ನಂಬಲಾಗಲಿಲ್ಲ. ಮಗನಿರುವಾಗ ಮಗಳ ಮನೆಯ ಅನ್ನ ತಿನ್ನುವುದಿಲ್ಲ ಎಂದು ನನ್ನನ್ನು ಇಷ್ಟು ವರ್ಷ ಕಟ್ಟಿಹಾಕಿದವಳು ನೀನೇ ಅಲ್ಲವಾ ಅವ್ವ ಎಂದೆ.

"ಅದು ಗೆನ್‌ಫು ಅವ್ವ ಹಾಕ್ಕೊಂಡಿದ್ದ ಕಟ್ಟು ಕಣೇ. ಅವಳು ಸತ್ತಳು. ಸತ್ತೋರಿಗೆ ಯಾವ ಕಟ್ಟು? ನಿಮ್ಮವ್ವ ಇನ್ನೂ ಇದಾಳೆ, ಅವಳಿಗೆ ಇರೋಳು ನೀನೊಬ್ಬಳೇ. ಇವನು ಬೇಡ ಅಂದ್ರೆ ಬೇರೆ ಮಾತು."

ಯೂಶಿಂಗ್ ಬೇಡ ಎನ್ನಲಿಲ್ಲ. ಬಣ್ಣದ ಕೈಯಲ್ಲೇ ಮುಖ ಒರೆಸಿಕೊಂಡ, ಮೂಗೆಲ್ಲ ಹಸಿರಾಯಿತು. ಅವ್ವ ನೋಡಿ ನಕ್ಕಳು. ಅವನ ತಾಯಿ ಎರಡು ದಿನ ಕೂಗಾಡಿದರು, ಹೆಣ್ಣು ಕೊಟ್ಟವಳು ಹೆಣ್ಣಿನ ಜೊತೆಗೇ ಗಂಟು ಕಟ್ಟಿಕೊಂಡು ಬರುವುದನ್ನು ಎಲ್ಲೂ ಕಂಡಿಲ್ಲ ಎಂದರು. ಯೂಶಿಂಗ್ ಹಿಡಿದ ಹಟ ಬಿಡಲಿಲ್ಲ. ಮದುವೆ ಇದೇ ತಿಂಗಳು. ಮಗ್ಗ ಬಿಚ್ಚಿ ದೋಣಿಗೆ ಏರಿಸುತ್ತೇವೆ, ಮನೆಯನ್ನು ಬಾಡಿಗೆಗೆ ಕೊಡುತ್ತೇವೆ. ಹುಝೋದ ವಿಳಾಸವನ್ನು ನಿನಗೆ ಕೊಡಬಾರದು ಎಂದು ಅವ್ವ ಹೇಳಿದ್ದಾಳೆ. ನಾನೂ ಕೊಡುವುದಿಲ್ಲ.

ನೀನು ಕೇಳಿದ್ದನ್ನು ಪೂರ್ತಿ ನಡೆಸಿಕೊಡುತ್ತಿದ್ದೇವೆ ಗೆನ್‌ಫು. ನಮ್ಮ ಕಡೆಯಿಂದ ಯಾರೂ ನಿನ್ನ ಮಾವನಿಗೆ ಬರೆಯುವುದಿಲ್ಲ. ಯೂಲಾನ್‌ಗೆ ಹೆರಿಗೆ ಸುಖವಾಗಿ ಆಗಲಿ, ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ನಿಂಗ್‌ಬೋ ಬಡಗಿಯ ಹೆಸರಿಗೇ ಹಾಕುತ್ತಿದ್ದೇನೆ.

ಅವ್ವನ ಯೋಗಕ್ಷೇಮ ಆಗಾಗ ಬರೆಯಬೇಕು ಎಂದು ಕೇಳಿದ್ದೀಯ. ಅದೊಂದು ಆಗುವುದಿಲ್ಲ. ಸತ್ತವರು ಹೇಗಿದ್ದಾರೆ ಎಂದು ಯಾರೂ ವಿಚಾರಿಸುವುದಿಲ್ಲ.

ಚಿನ್‌ಮೇ